ಗಾಳಿಯ ಸಾರಜನಕ, ಗದ್ದೆಯ ಅಮೋನಿಯಾ



ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಮಾನ್ವಿ ಕಡೆ ಭತ್ತದ ನಾಟಿ ಶುರು. ದೇವದುರ್ಗದ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು. ನಾಟಿ ಮುಗಿಯುತ್ತಲೇ ಪೈರಿಗೆ ಸಾರಜನಕ ಕೊಡುವ ಯೂರಿಯಾದ ಚಿಂತೆ. ಆದರೆ ಅದೇ ಗದ್ದೆಯ ಮೇಲಿನ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಪೈರಿಗೆ ಅದು ನೇರವಾಗಿ ದಕ್ಕುವುದಿಲ್ಲ. ಏಕೆ ದಕ್ಕುವುದಿಲ್ಲ ಎಂಬುದನ್ನು ಬಿಡಿಸಿಕೊಳ್ಳಲು ಹೆಚ್ಚುಕಡಿಮೆ ಒಂದೂವರೆ ಶತಮಾನ ಹಿಡಿಯಿತು.

1772ರಲ್ಲಿ ಸ್ಕಾಟ್ಲೆಂಡಿನ ಡೇನಿಯಲ್ ರುದರ್‌ಫೋರ್ಡ್ ಈ ಅನಿಲವನ್ನು ಬೇರ್ಪಡಿಸಿದರು. ಅದರಲ್ಲಿ ದೀಪ ಉರಿಯಲಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಸಾರಜನಕವೇ ಅಡಗಿರುವ ಇನ್ನೊಂದು ಅನಿಲವಾದ ಅಮೋನಿಯಾದ ಬೆನ್ನು ಹತ್ತಿದ್ದರು. ನೀರಿನ ತೊಟ್ಟಿಯಲ್ಲಿ ಜಾಡಿ ಬೋರಲು ಹಾಕಿ ಅನಿಲ ಹಿಡಿಯುವುದು ಆಗಿನ ರೂಢಿ. ಅಮೋನಿಯಾ ಮಾತ್ರ ಜಾಡಿಗೆ ಸೇರುವ ಮೊದಲೇ ನೀರಿನಲ್ಲಿ ಕರಗಿಬಿಡುತ್ತಿತ್ತು. ಪ್ರೀಸ್ಟ್ಲಿ ತೊಟ್ಟಿಗೆ ನೀರಿನ ಬದಲು ಪಾದರಸ ತುಂಬಿದರು; ಅನಿಲ ಸಿಕ್ಕಿತು. ಎಂಥ ಸರಳ ಉಪಾಯ! ಆದರೆ ಒಂದು ಅನಿಲ ನೀರಿಗೆ ಹಾತೊರೆಯುವುದೂ ಇನ್ನೊಂದು ಕದಲದೆ ಇರುವುದೂ ಯಾಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಉತ್ತರದ ಒಂದು ತುಂಡು 1912ರಲ್ಲಿ ಸಿಕ್ಕಿತು. ಕೆಲವು ಅಣುಗಳಲ್ಲಿ ಧನ ಮತ್ತು ಋಣ ವಿದ್ಯುದಾವೇಶದ ನಡುಬಿಂದುಗಳು ಒಂದೆಡೆ ಕೂಡುವುದಿಲ್ಲ ಎಂದರು ವಿಜ್ಞಾನಿ ಪೀಟರ್ ಡಿಬೈ. ಇದೇ ಧ್ರುವೀಯತೆ. ಅಣುರಚನೆಯ ಈ ಬಗೆಯ ಸಂಶೋಧನೆಗೆ 1936ರಲ್ಲಿ ಅವರಿಗೆ ನೊಬೆಲ್ ಬಂತು. ಇನ್ನೊಂದು ತುಂಡು 1916ರದು: ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಳ್ಳುವುದೇ ಬಂಧ ಎಂದು ಅಮೆರಿಕದ ಗಿಲ್ಬರ್ಟ್ ಲೂಯಿಸ್ ವಿವರಿಸಿದರು. ಸಾರಜನಕದ ಎರಡು ಪರಮಾಣುಗಳ ನಡುವೆ ಇಂಥ ಮೂರು ಜೋಡಿಗಳಿವೆ. ಆ ಬಂಧ ಬಿಡಿಸಲು ಮೋಲ್‌ಗೆ 945 ಕಿಲೋಜೂಲ್ ಶಕ್ತಿ ಬೇಕು; ಪೈರು ಅದನ್ನು ತಾನಾಗಿ ಬಿಡಿಸಲಾರದು. ಎರಡೂ ಒಂದೇ ಬಗೆಯ ಪರಮಾಣುಗಳಾದ್ದರಿಂದ ಎಳೆತ ಸಮ, ಧ್ರುವೀಯತೆ ಇಲ್ಲ. ಅಮೋನಿಯಾ ಹಾಗಲ್ಲ. ಅದರ ಅಣು ಮುಕ್ಕಾಲಿಯ ಹಾಗೆ: ಮೇಲೆ ಸಾರಜನಕ, ಕೆಳಗೆ ಮೂರು ಕಾಲುಗಳಾಗಿ ಜಲಜನಕ. ಎಲೆಕ್ಟ್ರಾನ್‌ಗಳು ಸಾರಜನಕದ ಕಡೆ ವಾಲುತ್ತವೆ. ಹಾಗಾಗಿಯೇ ಅಮೋನಿಯಾ ತನ್ನಂತೆಯೇ ಧ್ರುವೀಯವಾದ ನೀರಿನೊಂದಿಗೆ ಬೆರೆಯುತ್ತದೆ.

ಆಕಾರವೇ ಎಷ್ಟು ಮುಖ್ಯ ಎಂಬುದಕ್ಕೆ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳಿಂದ ಏಳುವ ಇಂಗಾಲದ ಡೈಆಕ್ಸೈಡನ್ನೇ ನೋಡಿ. ಅದರ ಎರಡು ಬಂಧಗಳೂ ಧ್ರುವೀಯ. ಆದರೆ ಅಣು ನೆಟ್ಟಗಿರುವುದರಿಂದ ಎಳೆತಗಳು ಪರಸ್ಪರ ಕಳೆದುಹೋಗುತ್ತವೆ.

ಲೂಯಿಸ್ ವಿವರಿಸುವ ಮುಂಚೆಯೇ ಜರ್ಮನಿಯಲ್ಲಿ ಫ್ರಿಟ್ಸ್ ಹೇಬರ್ 1909ರಲ್ಲಿ ಭಾರೀ ಒತ್ತಡದಲ್ಲಿ ಸಾರಜನಕದ ಆ ಮೂರು ಜೋಡಿಯ ಬಂಧವನ್ನು ಬಿಡಿಸಿ ಅಮೋನಿಯಾ ತಯಾರಿಸಿ ತೋರಿಸಿದ್ದರು. 1913ರಲ್ಲಿ ಓಪೌದಲ್ಲಿ ಕಾರ್ಖಾನೆ ಶುರುವಾಯಿತು. ಅಮೋನಿಯಾದಿಂದಲೇ ಯೂರಿಯಾ ಮಾಡುವುದರಿಂದ ಇಂದಿನ ಯೂರಿಯಾ ಚೀಲದ ಮೂಲ ಅಲ್ಲಿದೆ.

ಈಗ ಗದ್ದೆಗೆ ಬರೋಣ. ಯೂರಿಯಾ ನೀರಿನಲ್ಲಿ ಒಡೆದು ಅಮೋನಿಯಂ ಆಗುತ್ತದೆ. ಧನಾವೇಶವುಳ್ಳ ಅದನ್ನು ನಮ್ಮ ಎರೆಮಣ್ಣಿನ ಜೇಡಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ನಿಂತ ನೀರಿನಲ್ಲಿ ಪಾಚಿ ಹಗಲೆಲ್ಲ ಇಂಗಾಲದ ಡೈಆಕ್ಸೈಡ್ ಹೀರಿದಾಗ ನೀರಿನ ಕ್ಷಾರಗುಣ ಏರುತ್ತದೆ. ಅಮೋನಿಯಂ ಮತ್ತೆ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಅಷ್ಟು ಕಷ್ಟಪಟ್ಟು ಬಂಧ ಬಿಡಿಸಿ ಮಾಡಿದ ಗೊಬ್ಬರ ಹೀಗೆ ಹೋಗಬಾರದು.

ಆದ್ದರಿಂದ ರೈತ ಬಾಂಧವರೇ, ನಿಂತ ನೀರಿನ ಮೇಲೆ ಯೂರಿಯಾ ಎರಚಬೇಡಿ. ಮೊದಲು ನೀರು ಬಸಿಯಿರಿ, ಕೆಸರಿನಲ್ಲಿ ಗೊಬ್ಬರ ಬೆರೆಸಿ, ಆಮೇಲೆ ನೀರು ಕಟ್ಟಿ. ಪ್ರಮಾಣವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಹಾಕಿ.