ದೊಡ್ಡತನ, ಸಣ್ಣತನ ಮತ್ತು ಆರು ಗೆರೆಗಳು

(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪಾ" ಎಂದರು. ಕಂಪ್ಯೂಟರಿನಿಂದಲೇ ಶುರು ಮಾಡುತ್ತೇನೆ. ಆದರೆ ಮಾತು ಹೋಗಿ ನಿಲ್ಲುವುದು ಬೇರೆ ಕಡೆ. ಮೇಷ್ಟ್ರು ಕ್ಷಮಿಸಬೇಕು.

ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು, ಈ ಎರಡೇ ಅಂಕಿ. ನಾನು ಬಿ.ಇ. ಓದುವಾಗ ಇದರ ಚರಿತ್ರೆ ಹುಡುಕುತ್ತಾ ಲೈಬ್ನಿಜ್ ಎಂಬ ಜರ್ಮನ್ ಗಣಿತಜ್ಞನ ಹೆಸರು ಸಿಕ್ಕಿತು. ಅವನು 1703ರ ಲೇಖನದಲ್ಲಿ ಈ ಎರಡಂಕಿ ಲೆಕ್ಕವನ್ನು ವಿವರಿಸುತ್ತಾ ಚೀನಾದ ಒಂದು ಪುರಾತನ ಗ್ರಂಥದ ಗೆರೆಗಳನ್ನೂ ಚರ್ಚಿಸಿದ್ದಾನೆ. ಆ ಗೆರೆಗಳ ಚಿತ್ರವನ್ನು ಅವನಿಗೆ ಕಳಿಸಿದವನು ಚೀನಾದಲ್ಲಿದ್ದ ಬೂವೆ ಎಂಬ ಪಾದ್ರಿ. ಆ ಗ್ರಂಥದ ಹೆಸರು ಯಿ ಚಿಂಗ್. ಎಂದರೆ ಬದಲಾವಣೆಗಳ ಗ್ರಂಥ.

ಅದು ಶಕುನ ಕೇಳುವ ಪುಸ್ತಕ. ಒಂದು ಗೆರೆ ಪೂರ್ತಿ ಇರಬಹುದು, ಇಲ್ಲವೇ ನಡುವೆ ತುಂಡಾಗಿರಬಹುದು. ಅಂಥ ಆರು ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಆಕೃತಿ. ಎಂಟನೇ ತರಗತಿ ಮಕ್ಕಳು ಲೆಕ್ಕ ಹಾಕಿ ನೋಡಿ: ಎರಡನ್ನು ಆರು ಸಲ ಗುಣಿಸಿದರೆ 64. ಗ್ರಂಥದಲ್ಲಿರುವ ಆಕೃತಿಗಳೂ ಸರಿಯಾಗಿ 64. ಶಕುನ ಕೇಳುವವರು ಒಂದು ಬಗೆಯ ಗಿಡದ 50 ಒಣ ಕಡ್ಡಿ ತೆಗೆದುಕೊಂಡು, ಒಂದನ್ನು ಬದಿಗಿಟ್ಟು, ಉಳಿದ 49ನ್ನು ಭಾಗ ಮಾಡಿ ಎಣಿಸುತ್ತಾ ಒಂದೊಂದೇ ಗೆರೆ ಪಡೆಯುತ್ತಿದ್ದರು. ಆಮೇಲೆ ಮೂರು ನಾಣ್ಯ ಹಾರಿಸುವ ಸುಲಭ ದಾರಿಯೂ ಬಂತು. ನಮ್ಮಲ್ಲಿ ದೇವರ ಬಲಗಡೆಯಿಂದ ಹೂ ಬಿದ್ದರೆ ಒಳ್ಳೆಯದು ಎನ್ನುತ್ತೇವಲ್ಲ, ಹಾಗೆಯೇ ಅವರಿಗೆ ಈ ಗೆರೆಗಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಲೆಕ್ಕವಲ್ಲ, ಅದರಲ್ಲಿ ಮತ್ತೆ ಮತ್ತೆ ಬರುವ ಇಬ್ಬರು ಮನುಷ್ಯರು. ಒಬ್ಬ ಜುನ್‌ಜಿ, ಇನ್ನೊಬ್ಬ ಶಿಯಾವ್‌ರೆನ್. ಜುನ್‌ಜಿ ಎಂದರೆ ಮೊದಲು ದೊರೆಯ ಮಗ ಎಂದಷ್ಟೇ ಅರ್ಥವಿತ್ತು. ಅದನ್ನು ಹುಟ್ಟಿನಿಂದ ಬಿಡಿಸಿ ನಡತೆಗೆ ಕಟ್ಟಿದವರಲ್ಲಿ ಕನ್‌ಫ್ಯೂಷಿಯಸ್ ಮುಖ್ಯನಾದವನು. ಶಿಯಾವ್‌ರೆನ್ ಎಂದರೆ ಅಕ್ಷರಶಃ ಸಣ್ಣ ಮನುಷ್ಯ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಅವನು ದೊಡ್ಡ ಮನುಷ್ಯ ಕಣಯ್ಯಾ", "ಇವನದು ಬಲು ಸಣ್ಣತನ" ಎಂದು ನಮ್ಮ ಅಜ್ಜಿಯಂದಿರು ಆಡುವಾಗ ಆಸ್ತಿಯನ್ನಾಗಲಿ ಎತ್ತರವನ್ನಾಗಲಿ ಅಳೆಯುತ್ತಿರಲಿಲ್ಲ.

ಈ ಗ್ರಂಥದಲ್ಲಿ ಕೆಲವು ಕಡೆ ಒಂದೇ ಗೆರೆ ಇಬ್ಬರಿಗೂ ಬೇರೆ ಬೇರೆ ಫಲ ಹೇಳುತ್ತದೆ. 23ನೆಯ ಆಕೃತಿ ಎಲ್ಲವೂ ಉದುರಿ ಬೀಳುವ ಕಾಲದ್ದು. ಅದರ ಕೊನೆಯ ಗೆರೆಯಲ್ಲಿ ದೊಡ್ಡ ಮನುಷ್ಯನಿಗೆ ಗಾಡಿ ದೊರೆಯುತ್ತದೆ, ಸಣ್ಣ ಮನುಷ್ಯನ ಗುಡಿಸಲೇ ಕಿತ್ತುಹೋಗುತ್ತದೆ. ಶಕುನ ಒಂದೇ, ಕೇಳಿದವನು ಯಾರು ಎಂಬುದರ ಮೇಲೆ ಫಲ.

ಇದಕ್ಕೆ ಜುವೋ ಜ್ವಾನ್ ಎಂಬ ಪ್ರಾಚೀನ ಚರಿತ್ರೆಯಲ್ಲಿ ಎರಡು ಕತೆಗಳಿವೆ. ಎರಡೂ ಲೂ ಎಂಬ ರಾಜ್ಯದವು. ಕ್ರಿ.ಪೂ. 530ರಲ್ಲಿ ನಾನ್ ಕ್ವಾಯ್ ಎಂಬ ಅಧಿಕಾರಿ ತನ್ನ ಒಡೆಯರ ಮೇಲೆ ದಂಗೆ ಏಳಲು ಗುಟ್ಟಾಗಿ ಯೋಚಿಸಿ ಶಕುನ ಕೇಳಿದ. ಬಹಳ ಶುಭ ಎಂಬ ಗೆರೆ ಬಂತು. ಹಿಗ್ಗಿದ. ಯಾವ ಕೆಲಸಕ್ಕೆ ಎಂದು ಹೇಳದೆ ಅದನ್ನು ಒಬ್ಬ ತಿಳಿದವರಿಗೆ ತೋರಿಸಿದ. ಅವರು, ಕೆಲಸ ನಿಷ್ಠೆಯದಾದರೆ ಇದು ಶುಭ, ಅಲ್ಲದಿದ್ದರೆ ಸೋಲು ಖಂಡಿತ, ಕೇಡಿನ ಕೆಲಸಕ್ಕೆ ಈ ಗ್ರಂಥವನ್ನು ಕೇಳಬಾರದು ಎಂಬರ್ಥದ ಮಾತು ಹೇಳಿದರು. ಅವನು ಕೇಳಲಿಲ್ಲ. ದಂಗೆ ಮುರಿದುಬಿತ್ತು, ಪಕ್ಕದ ರಾಜ್ಯಕ್ಕೆ ಓಡಿಹೋದ.

ಎರಡನೆಯದು ಮೂ ಜಿಯಾಂಗ್ ಎಂಬ ರಾಜಮಾತೆಯದು. ಪ್ರಿಯಕರನ ಜೊತೆ ಸೇರಿ ಒಳಸಂಚು ಮಾಡಿ, ಅದು ಬಯಲಾಗಿ, ಅವಳನ್ನು ಪೂರ್ವದ ಅರಮನೆಯಲ್ಲಿ ಸೆರೆಯಿಟ್ಟರು. ಅಲ್ಲಿಗೆ ಹೋಗುವಾಗ ಶಕುನ ಕೇಳಿದಳು. ಶಕುನದವನು, ತಾಯೀ ನೀವು ಬೇಗ ಹೊರಬರುತ್ತೀರಿ ಎಂದ. ಅವಳು ಒಪ್ಪಲಿಲ್ಲ. ಈ ಆಕೃತಿ ಒಳ್ಳೆಯದೇ, ಆದರೆ ಅದು ಗುಣವಿದ್ದವರಿಗೆ. ನಾನು ರಾಜ್ಯ ಕೆಡಿಸಲು ಹೊರಟವಳು, ನನಗೆ ಆ ಫಲ ಹೇಗೆ ಬರುತ್ತದೆ, ನಾನು ಇಲ್ಲೇ ಸಾಯುವವಳು ಎಂಬುದು ಅವಳ ಮಾತಿನ ಸಾರ. ಕ್ರಿ.ಪೂ. 564ರಲ್ಲಿ ಅಲ್ಲೇ ತೀರಿಕೊಂಡಳು. ಬಾಳೆಲ್ಲ ತಪ್ಪು ದಾರಿಯಲ್ಲಿ ನಡೆದವಳು ಆ ಒಂದು ಗಳಿಗೆಯಲ್ಲಿ ದೊಡ್ಡವಳಾದಳು ಎಂದು ನನಗೆ ಅನ್ನಿಸುತ್ತದೆ. ತನಗೆ ಸಲ್ಲದ ಶುಭವನ್ನು ಅವಳು ತೆಗೆದುಕೊಳ್ಳಲಿಲ್ಲ.

ನಾನು ತೆಗೆದುಕೊಂಡಿದ್ದೆ. ಅದನ್ನು ಈ ಊರಿನ ಮುಂದೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ರಾತ್ರಿ ಹೊಸ ಸಾಫ್ಟ್‌ವೇರ್ ಹಾಕಿದೆವು. ಮಾಡಬೇಕಾದ ಒಂದು ಪರೀಕ್ಷೆಯನ್ನು ಅವಸರದಲ್ಲಿ ನಾನೇ ಬಿಟ್ಟಿದ್ದೆ. ಬೆಳಿಗ್ಗೆ ಗ್ರಾಹಕರ ಬಿಲ್ಲುಗಳೆಲ್ಲ ತಪ್ಪು. ಮೀಟಿಂಗಿನಲ್ಲಿ ಮೇಲಿನವರು ಕೇಳಿದಾಗ ಎಲ್ಲರ ಕಣ್ಣು ಮೂರು ತಿಂಗಳ ಹಿಂದೆ ಸೇರಿದ್ದ ಹುಡುಗನ ಮೇಲೆ ಹೋಯಿತು. ನಾನು ಹೇಳಿದಂತೆ ಬಟನ್ ಒತ್ತಿದವನು ಅವನು. ನನ್ನಂತೆಯೇ ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು. ಇಂಗ್ಲಿಷಿನಲ್ಲಿ ಥಟ್ಟನೆ ಉತ್ತರ ಬರಲಿಲ್ಲ. ನನಗೆ ಬರುತ್ತಿತ್ತು. ನಾನು ಸುಮ್ಮನಿದ್ದೆ. ಆ ವರ್ಷ ನನಗೆ ಬಡ್ತಿ ಸಿಕ್ಕಿತು. ನಾನು ನಿಜ ಬರೆದು ಮೇಲಿನವರಿಗೆ ಕಳಿಸುವ ಹೊತ್ತಿಗೆ ಆ ಹುಡುಗ ಕೆಲಸ ಬಿಟ್ಟಿದ್ದ. ಫೋನ್ ಮಾಡಿ ಕ್ಷಮೆ ಕೇಳಿದೆ. "ಇರಲಿ ಬಿಡಿ ಸರ್" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಆ ದಿನಗಳಲ್ಲೇ ಯಿ ಚಿಂಗ್‌ನ 20ನೆಯ ಆಕೃತಿ ಓದಿದೆ. ಅದು ನೋಡುವುದರ ಬಗ್ಗೆ. ಅದರ ಮೊದಲ ಗೆರೆಯ ಮಾತು ಇಷ್ಟು: ಮಗುವಿನ ಹಾಗೆ ಮೇಲೆ ಮೇಲೆ ನೋಡಿದರೆ ಸಣ್ಣ ಮನುಷ್ಯನಿಗೆ ದೋಷವಿಲ್ಲ, ದೊಡ್ಡ ಮನುಷ್ಯನಿಗೆ ನಾಚಿಕೆ. ತಿಳಿಯದವನಿಗೆ ರಿಯಾಯಿತಿ ಉಂಟು. ತಿಳಿದವನಿಗೆ ಇಲ್ಲ.

ನಮ್ಮನ್ನು ತಿಳಿದವರನ್ನಾಗಿ ಮಾಡಿದ್ದು ಈ ಶಾಲೆ. ಇಲ್ಲಿ ಒಮ್ಮೆ ಕಿರುಪರೀಕ್ಷೆಯಲ್ಲಿ ಗಣಿತದ ಮೇಷ್ಟ್ರು ಕೂಡುವಾಗ ತಪ್ಪಿ ನನಗೆ ಎರಡು ಅಂಕ ಹೆಚ್ಚು ಕೊಟ್ಟಿದ್ದರು. ಪಕ್ಕದವನು "ಸುಮ್ನಿರೋ" ಎಂದ. ಆದರೂ ಹೋಗಿ ಹೇಳಿದೆ. ಮೇಷ್ಟ್ರು ಅಂಕ ಕಳೆದರು, ಹೊಗಳಲಿಲ್ಲ, "ಹೋಗಿ ಕೂತ್ಕೋ" ಎಂದರು ಅಷ್ಟೇ. ಹದಿನಾಲ್ಕು ವರ್ಷದ ಹುಡುಗನಿಗೆ ಸಾಧ್ಯವಾದದ್ದು ಬಿ.ಇ. ಮಾಡಿದ ಮೇಲೆ ನನಗೆ ಆಗಲಿಲ್ಲ.

ಮಕ್ಕಳೇ, ನೀವು ನಾಳೆ ಡಾಕ್ಟರು, ಎಂಜಿನಿಯರು ಆಗಿ. ರೈತರಾಗಿ, ಅಂಗಡಿ ಇಡಿ. ಶಕುನ ಕೇಳುವುದು ಬಿಡುವುದು ನಿಮ್ಮಿಷ್ಟ. ಆದರೆ ನಿಮಗೆ ಸಲ್ಲದ್ದು ಕೈಗೆ ಬಂದ ದಿನ ಸುಮ್ಮನಿರಬೇಡಿ. ಎದ್ದು ನಿಂತು ಹೇಳಿ.

ಆ ಗಣಿತದ ಮೇಷ್ಟ್ರು ಇಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ.