ಕೆಂಡದ ಸುತ್ತ ಕಾಣದ ಗೆಳೆಯರು

ಮುಖ ಕಾಣದ ಸ್ನೇಹ ರೇಡಿಯೋ ಶ್ರೋತೃಗಳಿಗೆ ಹೊಸದಲ್ಲ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಅಂತರಜಾಲದ ಆಟದಲ್ಲಿ, ಆರಂಭಕಾಲದಲ್ಲಿ, 40 ಮಂದಿಯವರೆಗೆ ತಮ್ಮ ತಮ್ಮ ಮನೆಗಳಲ್ಲೇ ಕುಳಿತು ಒಬ್ಬ ರಕ್ಕಸನನ್ನು ಒಟ್ಟಾಗಿ ಎದುರಿಸುತ್ತಿದ್ದರು. ಅಷ್ಟು ಮಂದಿ ಕೂಡುವವರೆಗೆ ಕಾಯಬೇಕು. ಕಾಯುವಾಗ ಮಾತು ಹುಟ್ಟುತ್ತದೆ. ಇಂಥ ಆಟಗಾರರ ಮಾತು ಕೆಂಡದಲ್ಲಿ ಮಾಂಸ ಬೇಯಿಸುವ ‘ಬಾರ್ಬೆಕ್ಯೂ’ ಕಡೆಗೆ ಹೊರಳಿತೆಂದರೆ ರಕ್ಕಸನನ್ನು ಕೇಳುವವರಿಲ್ಲ.

ಟೆಕ್ಸಾಸಿನವರಿಗೆ ದನದ ಎದೆಯ ಭಾಗವೇ ಆಗಬೇಕು; ಓಕ್ ಸೌದೆಯ ಮಂದವಾದ ಹೊಗೆಯಲ್ಲಿ ಹತ್ತು ಹನ್ನೆರಡು ಗಂಟೆ. ಉತ್ತರ ಕೆರೊಲಿನಾದ ಪೂರ್ವಭಾಗದವರಿಗೆ ಇಡೀ ಹಂದಿ, ಜೊತೆಗೆ ಮೆಣಸಿನಕಾಯಿ ಬೆರೆಸಿದ ವಿನೆಗರ್. ದಕ್ಷಿಣ ಆಫ್ರಿಕದವರು ಇದನ್ನು ‘ಬ್ರಾಯ್’ ಎನ್ನುತ್ತಾರೆ. ಗ್ಯಾಸಿನ ಮೇಲೆ ಸುಟ್ಟದ್ದಕ್ಕೆ ಆ ಹೆಸರನ್ನು ಕೊಡಲು ಅವರಲ್ಲಿ ಸಂಪ್ರದಾಯಸ್ಥರು ಸುತರಾಂ ಒಪ್ಪರು. ಅರ್ಜೆಂಟೀನದಲ್ಲಿ ಊಟಕ್ಕೆ ಕುಳಿತವರು ಸುಟ್ಟವನಿಗೆ ಚಪ್ಪಾಳೆ ತಟ್ಟುವ ಪದ್ಧತಿಯುಂಟು. ನಮ್ಮ ಅಡುಗೆಯವರಿಗೆ ಆ ಭಾಗ್ಯವಿಲ್ಲ!

ಇದೆಲ್ಲ ಜಗಳವೆಂಬುದೇನೋ ನಿಜ. ಆದರೆ ಆಟದಲ್ಲಿ ಇವರದು ಇಟ್ಟುಕೊಂಡ ಹೆಸರು, ತೊಟ್ಟ ವೇಷ. ಸೌದೆಯ ಪ್ರಸ್ತಾಪ ಬಂದಾಗ ಒಬ್ಬ, ‘ನಮ್ಮ ತಂದೆ ಬೆಂಕಿ ಹೊತ್ತಿಸುತ್ತಿದ್ದುದು ಹೀಗೆ’ ಎಂದುಬಿಡುತ್ತಾನೆ. ಯೋಧ ಮರೆಯಾಗಿ ಒಂದು ಊರಿನ, ಒಂದು ಮನೆಯ ಮಗ ಎದುರಿಗೆ ನಿಲ್ಲುತ್ತಾನೆ. ಉಪ್ಪು ಹಚ್ಚುತ್ತಿದ್ದುದು ಯಾವಾಗ ಎಂದು ಇನ್ನೊಬ್ಬ ಕೇಳುತ್ತಾನೆ. ಮುಂದಿನ ಭಾನುವಾರ, ಸಾವಿರಾರು ಮೈಲಿಗಳಾಚೆ, ಆ ಕಾಣದ ತಂದೆಯ ಕ್ರಮದಲ್ಲೇ ಕೆಂಡ ಹರಡಿ ನೋಡುವುದೂ ಉಂಟು.