‘ಸ್ವಲ್ಪವೇ ತಾನೆ’ ಎನ್ನುವ ಮುನ್ನ: ಕಡಲ ಬಸವನಹುಳುವಿನ ಸಾಕ್ಷ್ಯ

(ಕಲ್ಲೋಳಿಯ ಪರಿಸರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹಿಡಕಲ್ ಜಲಾಶಯದ ನೀರಿನಿಂದ ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಕಡಲ ಬಸವನಹುಳುವಿನ ಮಾತೇಕೆ ಎಂದು ನೀವು ಕೇಳಬಹುದು. ನೀರಿಗೆ ವಿಷ ಸೇರುವಾಗಲೆಲ್ಲ ‘ಸ್ವಲ್ಪವೇ ತಾನೆ, ಹರಿಯುವ ನೀರಿನಲ್ಲಿ ಕರಗಿಹೋಗುತ್ತದೆ’ ಎಂಬ ಸಮಾಧಾನವನ್ನು ನಾವೆಲ್ಲ ಕೇಳಿದ್ದೇವೆ. ಆ ಸಮಾಧಾನ ಎಷ್ಟು ಪೊಳ್ಳೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಈ ಪುಟ್ಟ ಜೀವಿ.

ಅದರ ಹೆಸರು ನ್ಯೂಸೆಲ್ಲಾ ಲ್ಯಾಪಿಲ್ಲಸ್. ಉತ್ತರ ಅಟ್ಲಾಂಟಿಕ್ ತೀರದ ಬಂಡೆಗಳೇ ಅದರ ನೆಲೆ. ಚಿಪ್ಪಿನ ಉದ್ದ ಸುಮಾರು 3 ಸೆಂಟಿಮೀಟರ್. ಅಲೆಗಳ ಹೊಡೆತ ಹೆಚ್ಚಿರುವಲ್ಲಿ ಚಿಪ್ಪಿನ ಬಾಯಿ ಅಗಲವಾಗಿರುತ್ತದೆ. ಬಂಡೆಯನ್ನು ಬಿಗಿಹಿಡಿಯಲು ದೊಡ್ಡ ಪಾದ ಬೇಕಲ್ಲವೆ? ಏಡಿಗಳ ಕಾಟವಿರುವಲ್ಲಿ ಬಾಯಿ ಕಿರಿದು, ಗೋಡೆ ದಪ್ಪ. ಇಷ್ಟು ಚಿಕ್ಕದಾದರೂ ಇದು ಬೇಟೆಗಾರ ಪ್ರಾಣಿ. ಬೇರೆ ಚಿಪ್ಪುಜೀವಿಯ ಮೇಲೆ ಕುಳಿತು, ರಸ ಸುರಿಸಿ ಅದರ ಸುಣ್ಣದ ಗೋಡೆಯನ್ನು ಮೆದುಗೊಳಿಸಿ, ಅರದಂತಹ ನಾಲಿಗೆಯಿಂದ ಕೊರೆದು ಒಳಗಿನ ಮಾಂಸವನ್ನು ಉಣ್ಣುತ್ತದೆ.

1970ರ ಸುಮಾರಿಗೆ ಇಂಗ್ಲೆಂಡಿನ ಪ್ಲಿಮತ್ ತೀರದಲ್ಲಿ ಹೆಣ್ಣುಹುಳುಗಳ ಮೈಯಲ್ಲಿ ಗಂಡಿನ ಜನನಾಂಗ ಬೆಳೆದಿರುವುದು ಕಂಡುಬಂದಿತು. ವಿಕಾರ ತೀವ್ರವಾದಾಗ ಮೊಟ್ಟೆ ಹೊರಬರುವ ದಾರಿಯೇ ಮುಚ್ಚಿ ಹೆಣ್ಣು ಸಾಯುತ್ತಿತ್ತು. ಹಡಗುಗಳ ತಳಕ್ಕೆ ಪಾಚಿ, ಚಿಪ್ಪುಗಳು ಅಂಟದಂತೆ ಬಳಿಯುತ್ತಿದ್ದ ಬಣ್ಣದಲ್ಲಿನ ಟ್ರೈಬ್ಯುಟೈಲ್ ಟಿನ್ ಇದಕ್ಕೆ ಕಾರಣವೆಂಬುದು 1980ರ ದಶಕದಲ್ಲಿ ಖಚಿತವಾಯಿತು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದೆರಡು ಪಾಲು ಒಂದು ಲೀಟರ್ ನೀರಿಗೆ ಬೆರೆತರೂ ಸಾಕು, ಈ ವಿಕಾರ ಮೊದಲಾಗುತ್ತದೆ!

ಇದು ದೂರದೇಶದ ಕಥೆಯಷ್ಟೇ ಅಲ್ಲ. ಕೊಂಕಣದ ಹೆಸರನ್ನೇ ಹೊತ್ತ ಕ್ರೋನಿಯಾ ಕೊಂಕಣೆನ್ಸಿಸ್ ಎಂಬ ಬೇಟೆಗಾರ ಬಸವನಹುಳುವಿನಲ್ಲಿ ಇದೇ ವಿಕಾರವನ್ನು ಗೋವೆಯ ವಿಜ್ಞಾನಿಗಳು 1999ರಲ್ಲಿ ದಾಖಲಿಸಿದರು. ನಮ್ಮದೇ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಸೇರುವುದು ಆ ಗೋವೆಯ ಕಡಲನ್ನೇ.

ಫ್ರಾನ್ಸ್ 1982ರಲ್ಲಿ, ಬ್ರಿಟನ್ 1987ರಲ್ಲಿ ಸಣ್ಣ ದೋಣಿಗಳಿಗೆ ಈ ಬಣ್ಣ ಬಳಿಯುವುದನ್ನು ನಿಷೇಧಿಸಿದವು. 2001ರ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದಿತು. ಹುಳುಗಳು ಅನೇಕ ಕಡೆ ಮರಳಿವೆ, ಆದರೆ ನಿಧಾನವಾಗಿ. ಅವುಗಳ ಮರಿಗಳು ಈಜುವುದಿಲ್ಲ. ಬರಿದಾದ ತೀರವನ್ನು ತೆವಳಿಯೇ ತುಂಬಬೇಕು. ಕೆಡಿಸಲು ಕೆಲವು ವರ್ಷ ಸಾಕು, ಕಟ್ಟಲು ತಲೆಮಾರುಗಳು ಬೇಕು.

ಬಂಧುಗಳೆ, ಘಟಪ್ರಭೆಯಲ್ಲಿ ಆ ಬಸವನಹುಳು ಇಲ್ಲ. ಆದರೆ ಹೊಳೆಯ ಕಲ್ಲುಗಳಡಿ ಬಾಳುವ ಕೀಟಗಳ ಮರಿಗಳಿವೆ, ಕಪ್ಪೆ, ಮೀನುಗಳಿವೆ. ಅವೇ ನಮ್ಮ ಸಾಕ್ಷಿಗಳು. ಯಾವ ಋತುವಿನಲ್ಲಿ ಯಾವುದಿತ್ತು, ಯಾವುದು ಕಾಣೆಯಾಯಿತು ಎಂಬುದನ್ನು ಶಾಲೆಯ ಮಕ್ಕಳೂ ಬರೆದಿಡಬಲ್ಲರು. ಹೊಲದ ಕೀಟನಾಶಕವಾಗಲಿ, ಕಾರ್ಖಾನೆಯ ಕೊಳಚೆಯಾಗಲಿ, ‘ಸ್ವಲ್ಪವೇ ತಾನೆ’ ಎಂದವರ ಮುಂದೆ ಆ ಬರಹವನ್ನಿಟ್ಟು, ‘ಯಾರಿಗೆ ಸ್ವಲ್ಪ?’ ಎಂದು ನಾವು ಕೇಳಬೇಕು.